ಲಗ್ನಪತ್ರಿಕೆಯಲ್ಲಿ ಸ್ಪೇನ್

ರಾಮದುರ್ಗದಲ್ಲಿ ಸ್ಪ್ಯಾನಿಷ್ ಬಲ್ಲವನು ನಾನೊಬ್ಬನೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ, ಬೆಳಗಿನ ಚಹಾದ ಜೊತೆ ಮೊಬೈಲಿನಲ್ಲಿ ಕಲಿಯುತ್ತಿದ್ದೇನೆ. "ನನ್ನ ಬೆಕ್ಕು ಎಲ್ಲಿದೆ?" ಎಂದು ಕೇಳುವಷ್ಟು ಬರುತ್ತದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ, ಅದು ಬೇರೆ ಮಾತು.

ಆ ಭಾಷೆಯಲ್ಲಿ ನಾನು ಮರುಳಾದದ್ದು ತಲೆಕೆಳಗಾದ ಚಿಹ್ನೆಗಳಿಗೆ. ನಾವು ವಾಕ್ಯದ ಕೊನೆಗೆ ಮಾತ್ರ ಹಾಕುವ ಪ್ರಶ್ನಾರ್ಥಕ, ಆಶ್ಚರ್ಯಸೂಚಕಗಳನ್ನು ಅವರು ವಾಕ್ಯದ ಮುಂದೆಯೂ ತಿರುಗಿಸಿ ಹಾಕುತ್ತಾರೆ: ¿ ಮತ್ತು ¡. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯ ಪಂಡಿತರು ಕೂತು ಯೋಚಿಸಿದರಂತೆ. ಉದ್ದನೆಯ ವಾಕ್ಯ ಓದುವವನಿಗೆ ಅದು ಪ್ರಶ್ನೆಯೆಂದು ಕೊನೆ ಮುಟ್ಟಿದ ಮೇಲೆ ಗೊತ್ತಾದರೆ ಏನು ಪ್ರಯೋಜನ? ಮೊದಲೇ ತಿಳಿಸಿಬಿಡೋಣ! ಎಂಥ ದೂರದೃಷ್ಟಿ!

ಅದೇ ಹೊತ್ತಿಗೆ ನಮ್ಮಣ್ಣನ ಮಗಳು ವಿದ್ಯಾಳ ಲಗ್ನ ತೊರಗಲ್ಲಿನ ಹುಡುಗನ ಜೊತೆ ನಿಶ್ಚಯವಾಯಿತು. ಪತ್ರಿಕೆ ಬರೆಯುವ ಹೊಣೆ ಸಹಜವಾಗಿಯೇ ನನ್ನದು. ಬರೆದೆ: "¡ಸರ್ವರಿಗೂ ಆದರದ ಸ್ವಾಗತ! ¿ತಾವು ಸಕುಟುಂಬ ಬರುವಿರಲ್ಲವೇ?"

ಪ್ರೆಸ್ಸಿನ ಮಹಾದೇವಪ್ಪ ತಲೆ ಕೆರೆದುಕೊಂಡ. "ಸರ್ರ, ಇವು ಉಲ್ಟಾ ಬಿದ್ದಾವ ನೋಡ್ರಿ. ಸೀದಾ ಮಾಡ್ಲೇನ್ರಿ?"

"ಮುಟ್ಟಬ್ಯಾಡ್ರಿ! ಅದು ಅಂತರರಾಷ್ಟ್ರೀಯ!"

ಅಚ್ಚಾದ ಪತ್ರಿಕೆ ಹಿಡಿದು ನಾನೂ ಅಣ್ಣನೂ ತೊರಗಲ್ಲಿಗೆ ಹೋದೆವು. ವರನ ಅಜ್ಜ ಕನ್ನಡಕ ಏರಿಸಿ ಓದಿದರು. ನಾನು ಹೊಗಳಿಕೆಗೆ ಸಿದ್ಧನಾಗಿ ಕೂತೆ.

"ಇದೇನ್ರೀ ಇದು, ತಲಿ ಕೆಳಗ ಮಾಡಿ ನಿಂತದ? ಉಲ್ಟಾ ಮಾಡೋದೆಲ್ಲ ಅಪರಕರ್ಮದಾಗ! ಶುಭಕಾರ್ಯದೊಳಗ ಇದ್ಯಾಕ?"

ನಾನು ಸ್ಪೇನಿನ ಇತಿಹಾಸ ಬಿಚ್ಚಿದೆ. "ಅಜ್ಜಾರ, ಮುಂದ ಏನು ಬರ್ತದ ಅಂತ ಓದೋರಿಗೆ ಮೊದಲ ತಿಳೀಬೇಕಲ್ರಿ."

"ಮ್ಯಾಲೆ ಗಣಪತಿ ಇದ್ದಾನ, ಕೆಳಗ ವಧೂ-ವರರ ಹೆಸರು ಅದ. ಇನ್ನೂ ತಿಳಿಯಂಗಿಲ್ಲೇನ್ರಿ?"

ಅಜ್ಜ ಪತ್ರಿಕೆಯನ್ನು ಮಡಚಿ ನನ್ನ ಕೈಗೇ ವಾಪಸ್ಸಿಟ್ಟರು.

"ಈ ಪತ್ರಿಕೆ ಹಂಚಿದ್ರ ಈ ಲಗ್ನ ಆಗಂಗಿಲ್ಲ," ಎಂದು ಅಜ್ಜ ಒಳಗೆ ನಡೆದರು. ಅಣ್ಣನ ಮುಖ ಸುಣ್ಣದಂತಾಯಿತು. ಬಸ್ಸಿನಲ್ಲಿ ಅವನು ನನ್ನನ್ನು ಬಿಟ್ಟು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತ. ನನ್ನ ಪಾಂಡಿತ್ಯಕ್ಕಾಗಿ ಆ ಹುಡುಗಿಯ ಲಗ್ನ ಮುರಿಯುತ್ತದಲ್ಲ ಎಂದು ಬಸ್ಸಿಳಿದವನೇ ಪ್ರೆಸ್ಸಿಗೆ ಓಡಿದೆ.

ಮತ್ತೆ ಅಚ್ಚು ಹಾಕಿಕೊಡೆಂದು ಮಹಾದೇವಪ್ಪನ ಕಾಲು ಹಿಡಿಯುವುದೊಂದು ಬಾಕಿ. "ಸೀಸನ್ ಐತ್ರಿ ಸರ್ರ. ನಿಮ್ಮ ಲಗ್ನ ಮುಗದ ಮ್ಯಾಲೆ ಮಾಡಿ ಕೊಡ್ತೇನ್ರಿ!"

ಮನೆಗೆ ಬಂದರೆ ನನ್ನ ಹೆಂಡತಿ ಶಾಂತಾ ಅರಿಷಿಣ ಕಲಸುತ್ತ ಕೂತಿದ್ದಳು. ಹಂಚುವ ಮೊದಲು ಪತ್ರಿಕೆಯ ಮೂಲೆಗಳಿಗೆ ಅರಿಷಿಣ-ಕುಂಕುಮ ಹಚ್ಚುವುದು ನಮ್ಮಲ್ಲಿ ಪದ್ಧತಿ. ನಡೆದದ್ದನ್ನೆಲ್ಲ ಕೇಳಿ ಅವಳು ಒಂದು ಪತ್ರಿಕೆ ನನ್ನ ಮುಂದಿಟ್ಟಳು.

"ನಿಮ್ಮ ಸ್ಪೇನ್ ಎಲ್ಲೆಲ್ಲಿ ಅದ, ಬೆರಳಿಟ್ಟು ತೋರಸ್ರಿ."

ತೋರಿಸಿದೆ.

"ಹಾಂ. ಈಗ ಅದೇ ಬೆರಳು ಅರಿಷಿಣದಾಗ ಅದ್ದಿ ಅಲ್ಲೇ ಒತ್ರಿ!"

ಒತ್ತಿದೆ. ಒಂದೊಂದು ಪತ್ರಿಕೆಗೂ ಒತ್ತಿದೆ. ಯುರೋಪಿನ ಅಷ್ಟೂ ವಿದ್ವತ್ತು ಹಳದಿ ಬೊಟ್ಟಿನಡಿ ಅಡಗಿತು. ಮರುದಿನ ಮತ್ತೆ ಒಯ್ದು ಕೊಟ್ಟಾಗ ತೊರಗಲ್ಲಿನ ಅಜ್ಜ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಈಗ ಲಕ್ಷಣ ಆತು ನೋಡ್ರಿ!" ಎಂದು ದೇವರ ಮುಂದಿಟ್ಟರು. ಅಣ್ಣ ಉಸಿರಾಡಿದ.

ಲಗ್ನದ ದಿನ ಅಜ್ಜ ಬೀಗರ ನಡುವೆ ನನ್ನ ಕೈ ಹಿಡಿದು ನಿಲ್ಲಿಸಿದರು. ಭಾಷಾಪಂಡಿತ ಎಂದು ಪರಿಚಯಿಸುತ್ತಾರೆಂದು ನಾನು ಶಲ್ಯ ಸರಿಪಡಿಸಿಕೊಂಡೆ.

"ಇವರಷ್ಟು ಚಂದ ಅರಿಷಿಣ ಹಚ್ಚೋರು ಸುತ್ತ ಹತ್ತೂರಾಗ ಸಿಗಂಗಿಲ್ಲ!"

ಅಲ್ಲೇ ಇಬ್ಬರು ಬೀಗರು ತಮ್ಮ ಮನೆಯ ಪತ್ರಿಕೆಗಳಿಗೂ ಬರಬೇಕೆಂದು ಕೇಳಿಕೊಂಡರು. ನಾನು ಹೆಮ್ಮೆಯಿಂದಲೇ ಒಪ್ಪಿಕೊಂಡೆ. ಜೀವನವಿಡೀ ಕನ್ನಡ ಬರೆದ ಈ ಕೈಗೆ ಕೊನೆಗೂ ಬೇಡಿಕೆ ಬಂದಿದೆ. ಒಂದು ಬೆರಳಿಗೆ ಮಾತ್ರ!