ಅತ್ತೆ ಆರಿಸಿದ ಸಾಕೆಟ್ಟು

ನಮ್ಮ ಅತ್ತೆ ಈ ಲೋಕದಲ್ಲಿ ಯಾರನ್ನೂ ನಂಬುವುದಿಲ್ಲ. ಡಾಕ್ಟರನ್ನು ನಂಬುವುದಿಲ್ಲ, ಟಿ.ವಿ.ಯಲ್ಲಿ ಮಳೆ ಬರುತ್ತದೆ ಎನ್ನುವವರನ್ನು ನಂಬುವುದಿಲ್ಲ, ನನ್ನನ್ನಂತೂ ಬಿಡಿ, ಹುಟ್ಟಿದಾಗಿನಿಂದ ನಂಬಿಲ್ಲ. ಅವಳು ನಂಬುವುದು ಒಂದನ್ನೇ. ಅದು ಅವಳ ಬಲಗೈಯ ಹಿಂಬದಿ!

ಅತ್ತೆ ಎಂದರೆ ಹೆಂಡತಿಯ ತಾಯಿ ಅಲ್ಲ, ನಮ್ಮಪ್ಪನ ಅಕ್ಕ. ಪೀಣ್ಯದ ಒಂದು ಸಣ್ಣ ಮೋಟಾರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಯಿಲ್ ಸುತ್ತಿ ರಿಟೈರಾದವಳು. ಅಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಒಂದು ಪಾಠ ಹೇಳಿಕೊಡುತ್ತಾರಂತೆ. ಓಡುವ ಮೋಟಾರನ್ನು ಅಂಗೈಯಿಂದ ಮುಟ್ಟಬಾರದು, ಕೈಯ ಹಿಂಬದಿಯಿಂದ ಮುಟ್ಟಬೇಕು. ಅದರ ಮೈಗೆ ಕರೆಂಟು ಬಂದಿದ್ದರೆ ಅಂಗೈ ಮುಷ್ಟಿ ಕಟ್ಟಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತದೆ. ಹಿಂಬದಿಯಾದರೆ ಕೈ ತಾನೇ ಹಾರಿ ದೂರ ಬರುತ್ತದೆ. ಬೇರೆಯವರು ಈ ಪಾಠವನ್ನು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದರು. ಅತ್ತೆ ಅದನ್ನು ಮನೆಗೂ ತಂದಳು.

ಸಿಟಿ ಬಸ್ಸಿನಲ್ಲಿ ಡ್ರೈವರಿನ ಪಕ್ಕದ ಇಂಜಿನ್ ಮುಚ್ಚಳಕ್ಕೆ ಕೈ ತಾಗಿಸಿ, ಮುಂದಿನ ಸ್ಟಾಪಿನಲ್ಲಿ ನೀರು ಹಾಕಿಸು ಎಂದು ಡ್ರೈವರಿಗೇ ಹೇಳಿದವಳು ಅವಳು. ನನಗೆ ಹೆಣ್ಣು ನೋಡಲು ಹೋದಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಅತ್ತೆ ಸೀದಾ ಅಡುಗೆಮನೆಗೆ ಹೋಗಿ, ಆಗಷ್ಟೇ ಚಟ್ನಿ ರುಬ್ಬಿ ಇಟ್ಟಿದ್ದ ಮಿಕ್ಸಿಯನ್ನು ಮುಟ್ಟಿ ಬಂದಳು. “ಮಿಕ್ಸಿ ಚೆನ್ನಾಗಿ ಇಟ್ಕೊಂಡವ್ರೆ, ಹುಡುಗಿ ಆಗಬೋದು” ಎಂದಳು. ನಮ್ಮ ಮದುವೆ ನಡೆದದ್ದು ಜಾತಕದ ಬಲದಿಂದಲ್ಲ, ಮಿಕ್ಸಿಯ ಬಲದಿಂದ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಚಿಕ್ಕಂದಿನಲ್ಲಿ ನಾನು ಸ್ಕೂಲಿಗೆ ಚಕ್ಕರ್ ಹಾಕಬೇಕಾದರೆ ಅವಳ ಕೈ ದಾಟಿ ಹೋಗಬೇಕಿತ್ತು. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆ ಹೊರಡುತ್ತಿದ್ದರಿಂದ ಜ್ವರಕ್ಕೆ ಮಂಜೂರಾತಿ ಕೊಡುವವಳು ಅತ್ತೆ. ಒಮ್ಮೆ ಬಿಸಿನೀರಿನ ಸ್ಟೀಲ್ ಲೋಟವನ್ನು ಹಣೆಗೆ ಒತ್ತಿಕೊಂಡು ಹೋಗಿ ನರಳುತ್ತಾ ನಿಂತೆ. ಅತ್ತೆ ಹಣೆ ಮುಟ್ಟಿದಳು, ಆಮೇಲೆ ತಣ್ಣಗಿದ್ದ ಕುತ್ತಿಗೆ ಮುಟ್ಟಿದಳು. “ಲೋಡ್ ಇಲ್ದೆ ಬಿಸಿ ಆಗೈತೆ. ಬ್ಯಾಗ್ ತಗೊಂಡು ನಡಿ” ಎಂದಳು. ಅಂಥ ಕೈಯನ್ನು ಯಾರು ತಾನೇ ಪ್ರಶ್ನಿಸುತ್ತಾರೆ?

ಅದೇ ಕೈ ನಮ್ಮ ಮನೆಯಲ್ಲಿ ಒಂದು ಅನಾಹುತಕ್ಕೆ ಕಾರಣವಾಗುವುದರಲ್ಲಿತ್ತು.

ಟಿ. ದಾಸರಹಳ್ಳಿಯ ನೆತ್ತಿಯ ಮೇಲೆ ಮೆಟ್ರೋ ಓಡಲು ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ನಮ್ಮದು ಅಲ್ಲಿ ಅಜ್ಜನ ಕಾಲದ ಜಾಗದಲ್ಲಿ ಕಟ್ಟಿದ ಎರಡಂತಸ್ತಿನ ಮನೆ. ಮೇಲೆ ನಾವು, ಕೆಳಗೆ ಬಾಡಿಗೆಗೆ ಕೊಪ್ಪಳದ ಕಡೆಯ ಶಾಂತವ್ವ ಮತ್ತು ಬಸವರಾಜ. ಅವನು ಪೀಣ್ಯದಲ್ಲಿ ಕಬ್ಬಿಣದ ಬೀರುಗಳಿಗೆ ಬಣ್ಣ ಹೊಡೆಯುವ ಕೆಲಸದಲ್ಲಿದ್ದ, ಅವಳು ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ಎರಡೂ ಮನೆಗೆ ಒಂದೇ ಮೀಟರು, ಕರೆಂಟು ಬಾಡಿಗೆಯಲ್ಲೇ ಸೇರಿತ್ತು. ದಸರಾ ಮುಗಿದ ಮೇಲೆ ಆ ಮೀಟರು ಇದ್ದಕ್ಕಿದ್ದಂತೆ ಓಡತೊಡಗಿತು. ಮೊದಲ ತಿಂಗಳು ಸುಮ್ಮನಿದ್ದೆ. ಎರಡನೆಯ ತಿಂಗಳು ಬಿಲ್ಲು ನೋಡಿ ಕುರ್ಚಿಯ ಮೇಲೆ ಕೂತೆ.

ಶಾಂತವ್ವ ತನ್ನ ಹೊಲಿಗೆ ಮಷೀನಿಗೆ ಮೋಟಾರು ಹಾಕಿಸಿಕೊಂಡದ್ದು ಅದೇ ದಸರಾ ಆದ ಮೇಲೆ! ನಾನು ಜಿಗಣಿಯ ಒಂದು ಕಂಪನಿಯಲ್ಲಿ ಪರ್ಚೇಸ್ ವಿಭಾಗದವನು. ಎರಡು ಮತ್ತು ಎರಡು ಕೂಡಿಸಿ ನಾಲ್ಕು ಮಾಡುವುದೇ ನನ್ನ ಕಸುಬು. ಆದರೂ ನ್ಯಾಯವಾಗಿ ನಡೆದುಕೊಳ್ಳಬೇಕಲ್ಲ ಎಂದು ಅತ್ತೆಯನ್ನು ಕರೆದು ನಮ್ಮ ಫ್ರಿಡ್ಜು ತೋರಿಸಿದೆ. ಅವಳು ಅದರ ಪಕ್ಕಕ್ಕೆ ಕೈ ತಾಗಿಸಿ ನಿಂತಳು. ಯಾವತ್ತಿಗಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಂತಳು. “ಬಿಸಿ ಏನಿಲ್ಲ, ಸರಿಯೈತೆ” ಎಂದಳು.

ಇನ್ನೇನು ಬೇಕು? ಸುಪ್ರೀಂ ಕೋರ್ಟಿನ ತೀರ್ಪೇ ಬಂದಂತಾಯಿತು. ಕೆಳಗೆ ಹೋಗಿ, ತಿಂಗಳ ಕೊನೆಗೆ ಬೇರೆ ಮನೆ ನೋಡಿಕೊಳ್ಳಿ ಎಂದುಬಿಟ್ಟೆ. ಬಸವರಾಜ ತಲೆ ತಗ್ಗಿಸಿದ. ಶಾಂತವ್ವ ಮಾತ್ರ ನನ್ನ ಮುಖವನ್ನೇ ನೋಡಿ, “ಮೋಟರ್ ಬಿಚ್ಚಿ ಇಡ್ತೀನ್ರೀ ಅಣ್ಣಾರ, ಕಾಲಿಲೆ ತುಳೀತೀನಿ. ನಮ್ಮ ಗಿರಾಕಿ ಎಲ್ಲಾ ಇದೇ ಓಣ್ಯಾಗ ಅದಾರ್ರೀ” ಎಂದಳು. ನಾನು ಗಟ್ಟಿ ಮನಸ್ಸು ಮಾಡಿ ಮೆಟ್ಟಿಲು ಹತ್ತಿದೆ. ಗಟ್ಟಿ ಮನಸ್ಸು ಮಾಡುವಾಗ ಮನುಷ್ಯ ತಾನು ದೊಡ್ಡವನೆಂದೇ ತಿಳಿದುಕೊಂಡಿರುತ್ತಾನೆ ನೋಡಿ.

ಮೂರು ದಿನ ಕಳೆದಿರಬೇಕು. ಅತ್ತೆ ಬಲಗೈಗೆ ಬಟ್ಟೆ ಸುತ್ತಿಕೊಂಡು ಬಂದು ಕೂತಳು. ದೋಸೆ ಕಾವಲಿ ತಾಗಿತಂತೆ. ಅದರ ಮಾತು ಅಲ್ಲಿಗೇ ಮುಗಿಸಿ, ಗೋಡೆಗೆ ಕೂರಿಸಿದರೆ ಯಾವುದು ಎಷ್ಟು ಕರೆಂಟು ತಿನ್ನುತ್ತದೆ ಎಂದು ಫೋನಿನಲ್ಲಿ ತೋರಿಸುವ ಸಾಕೆಟ್ಟು ಬಂದಿದೆಯಂತಲ್ಲ, ಅದು ಬೇಕು ಎಂದಳು. ನನಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಮನೆಗೆ ಥರ್ಮಾಮೀಟರು ತಂದಾಗ ವಾರ ಮಾತು ಬಿಟ್ಟಿದ್ದ ಅತ್ತೆ ಇವಳೇನಾ! ವಯಸ್ಸಾದ ಮೇಲಾದರೂ ವಿಜ್ಞಾನಕ್ಕೆ ಶರಣಾದಳಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಆರಿಸುವ ಕೆಲಸ ಎಂದರೆ ನನಗೆ ಹಬ್ಬ. ಆಫೀಸಿನ ಕಂಪ್ಯೂಟರಿನಲ್ಲಿ ನಾಲ್ಕು ಬಗೆಯ ಸ್ಮಾರ್ಟ್ ಸಾಕೆಟ್ಟುಗಳ ಪಟ್ಟಿ ಮಾಡಿದೆ. ಬಣ್ಣ ಬದಲಿಸುವ ದೀಪ ಇದೆಯೇ, ಕೂಗಿದರೆ ಓಗೊಡುತ್ತದೆಯೇ, ಫೋನಿನ ಪರದೆಯಲ್ಲಿ ಚಿತ್ರ ಚೆನ್ನಾಗಿ ಬರುತ್ತದೆಯೇ, ಎಲ್ಲಕ್ಕೂ ಅಂಕ ಕೊಟ್ಟೆ. ಮೊದಲ ಸ್ಥಾನ ಬಂದದ್ದು ಹಂಸದಂತೆ ಬೆಳ್ಳಗಿದ್ದ ಒಂದಕ್ಕೆ. ಕೊನೆಯ ಸ್ಥಾನದಲ್ಲಿ ಮಣ್ಣಿನ ಬಣ್ಣದ ಒಂದು ದಡೂತಿ ಇತ್ತು. ಪಟ್ಟಿಯನ್ನು ಪ್ರಿಂಟು ತೆಗೆದು ಅತ್ತೆಯ ಕೈಗೆ ಕೊಟ್ಟೆ. ಅವಳು ಅದನ್ನು ನಾಲ್ಕಾಗಿ ಮಡಚಿ ಬಿಸಿ ಪಾತ್ರೆ ಇಳಿಸಲು ಬಳಸಿಕೊಂಡಳು.

ಭಾನುವಾರ ಮುಖ್ಯರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗೆ ಹೊರಟೆವು. ಅತ್ತೆಯ ಕೈಚೀಲದಲ್ಲಿ ನೀರು ಕಾಯಿಸುವ ಕಾಯಿಲ್ ಇತ್ತು, ಪಕ್ಕದಲ್ಲಿ ಶಾಂತವ್ವ ಇದ್ದಳು. ಆರೋಪಿಯನ್ನೇ ತನಿಖೆಗೆ ಕರೆದುಕೊಂಡು ಹೋಗುವುದುಂಟೇ ಎಂದು ಪಿಸುಗುಟ್ಟಿದೆ. ಅತ್ತೆ ಕೇಳಿಸದವಳಂತೆ ಮುಂದೆ ನಡೆದಳು.

ಅಂಗಡಿಯವನು ನನ್ನ ಪಟ್ಟಿಯ ನಾಲ್ಕೂ ಡಬ್ಬಿ ತೆಗೆದಿಟ್ಟು ದೀಪ, ಧ್ವನಿ ಎಂದೆಲ್ಲ ಶುರುಮಾಡಿದ. ಅತ್ತೆ ಅವನ ಮಾತು ಮುಗಿಯುವ ತನಕ ಕಾದು, ಒಂದು ಬಕೆಟ್ ನೀರು ಕೊಡಿ ಎಂದಳು. ನಾಲ್ಕನ್ನೂ ಅವನ ಟೆಸ್ಟಿಂಗ್ ಹಲಗೆಗೆ ಒಂದಾದ ಮೇಲೊಂದು ಹಾಕಿಸಿ, ಪ್ರತಿಯೊಂದರಲ್ಲೂ ಅರ್ಧ ಗಂಟೆ ನೀರು ಕಾಯಿಸಲು ಹೊರಟಳು! ಭಾರೀ ಲೋಡ್ ಹೊತ್ತಾಗ ಯಾವುದು ತಣ್ಣಗಿರುತ್ತದೋ ಅದರ ಒಳಗಿನ ತಾಮ್ರ ಸಾಚಾ, ಅದರ ಲೆಕ್ಕವೂ ಸಾಚಾ ಎಂಬುದು ಅವಳ ಕಾರ್ಖಾನೆಯ ಸಿದ್ಧಾಂತ. ಬಿಸಿನೀರು ದಂಡವಾಗಲಿಲ್ಲ. ಪಕ್ಕದ ಟೀ ಅಂಗಡಿಯವನು ಮೂರು ಬಕೆಟ್ಟು ಒಯ್ದು ಲೋಟ ತೊಳೆದುಕೊಂಡ, ಬದಲಿಗೆ ನಮಗೆಲ್ಲ ಟೀ ಕಳಿಸಿದ.

ನನ್ನ ಹಂಸ ಹತ್ತೇ ನಿಮಿಷಕ್ಕೆ ವಾಸನೆ ಹೊಡೆಯಿತು. ಕೂಗಿದರೆ ಓಗೊಡುವ ಮಹಾಶಯ ಯಾರೂ ಕೂಗದೆ ತಾನೇ ಆರಿಹೋದ. ಮೂರನೆಯದು ಕಾಯಿಲ್ ಕಿತ್ತ ಮೇಲೂ ಫೋನಿನಲ್ಲಿ ಯೂನಿಟ್ಟು ಏರಿಸುತ್ತಲೇ ಇತ್ತು. “ಇದು ಉಣ್ದೆ ತೇಗೋ ಗಿರಾಕಿ” ಎಂದು ಅತ್ತೆ ಪಕ್ಕಕ್ಕಿಟ್ಟಳು. ಪ್ರತಿ ಸಲವೂ ಒಂದೇ ಕ್ರಮ. ಅತ್ತೆ ಬಟ್ಟೆಯ ಅಂಚಷ್ಟೇ ಸರಿಸಿ ಬೆರಳುಗಳ ಹಿಂಬದಿ ತಾಗಿಸುವಳು, ಕಣ್ಣು ಮುಚ್ಚುವಳು, ಆಮೇಲೆ ಶಾಂತವ್ವನನ್ನು ಮುಟ್ಟು ಎನ್ನುವಳು. ಶಾಂತವ್ವ ಸುಡುತ್ತದೆ ಎಂದರೆ, ನನಗೂ ಹಾಗೇ ಅನ್ನಿಸಿತು ಎನ್ನುವಳು. ಕೊನೆಗೆ ಆ ಮಣ್ಣಿನ ಬಣ್ಣದ ದಡೂತಿಯನ್ನು ಮುಟ್ಟಿ ಶಾಂತವ್ವ, “ಕುಂಬಾರ ಗಡಿಗಿ ಹಾಂಗ ತಣ್ಣಗ ಐತ್ರೀ ಅತ್ತಿ” ಎಂದಳು. ಅತ್ತೆ ಮೂರು ಕೊಡಿ ಎಂದಳು. ವಿದ್ಯೆ ಹೇಳಿಕೊಡಲು ಈ ವಯಸ್ಸಿನಲ್ಲಿ ಶಿಷ್ಯೆಯನ್ನು ಹಿಡಿದಿದ್ದಾಳೆ ಎಂದು ನಾನು ನಕ್ಕೆ.

ಮನೆಗೆ ಬಂದು ಮೇನ್ ಇಳಿಸಿ, ಎಲ್ಲವನ್ನೂ ಮುಂದೆ ನಿಂತು ಹಾಕಿಸಿದಳು. ಒಂದು ಶಾಂತವ್ವನ ಮಷೀನಿಗೆ, ಒಂದು ನಮ್ಮ ಟಿ.ವಿ.ಗೆ. ಮೂರನೆಯದನ್ನು ಗೀಸರಿಗೆ ಹಾಕೋಣ, ಫ್ರಿಡ್ಜನ್ನು ನೀನೇ ಪಾಸು ಮಾಡಿದ್ದೀಯಲ್ಲ ಎಂದೆ. ಅತ್ತೆ ಕೆಳಗೆ ನೋಡುತ್ತಾ, “ಫ್ರಿಡ್ಜಿಗೇ ಹಾಕು” ಎಂದಳು.

ಒಂದು ವಾರ ನನ್ನ ಫೋನು ನ್ಯಾಯಾಲಯವಾಯಿತು. ಶಾಂತವ್ವ ಇಡೀ ದಿನ ಬ್ಲೌಸು ಹೊಲಿದು ಉರಿಸಿದ ಕರೆಂಟು, ನಮ್ಮ ಟಿ.ವಿ. ಪಕ್ಕದ ಕೇಬಲ್ ಡಬ್ಬಿ ಸುಮ್ಮನೆ ಕೂತು ತಿಂದದ್ದಕ್ಕಿಂತ ಕಡಿಮೆ! ಇನ್ನು ಫ್ರಿಡ್ಜು. ಅದು ಸ್ವಲ್ಪ ಹೊತ್ತು ಓಡಬೇಕು, ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮದು ವಾರದಲ್ಲಿ ಒಂದು ಗಳಿಗೆಯೂ ನಿಂತಿರಲಿಲ್ಲ. ಫೋನಿನ ಪರದೆಯಲ್ಲಿ ಆ ಗೆರೆ ತುಮಕೂರು ರಸ್ತೆಯ ಹಾಗೆ ನೆಟ್ಟಗೆ ಹೋಗುತ್ತಿತ್ತು.

ಅತ್ತೆ ಫ್ರಿಡ್ಜಿನ ಬಾಗಿಲಿಗೆ ಪೇಪರಿನ ಚೂರೊಂದನ್ನು ಸಿಕ್ಕಿಸಿ ಮುಚ್ಚಿ ಎಳೆದಳು. ಬಾಗಿಲು ಬಿಗಿಯಾಗಿದ್ದರೆ ಪೇಪರು ಬರಬಾರದು. ಇದು ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಬಾಗಿಲ ಸುತ್ತಲಿನ ರಬ್ಬರನ್ನು ಬಗ್ಗಿಸಿ ನೋಡಿದರೆ ಅದರೊಳಗೆ ಒಂದು ಹಸಿರು ನೈಲಾನ್ ಹಗ್ಗ! ಆಯುಧಪೂಜೆಯ ದಿನ ಫ್ರಿಡ್ಜಿಗೆ ಎರಡು ಬಾಳೆಕಂದು ಕಟ್ಟಿ, ಕಾರ್ಖಾನೆಯ ಲಾರಿಗಿಂತ ಚೆನ್ನಾಗಿ ಅಲಂಕಾರ ಮಾಡಿದ ಭಕ್ತ ಯಾರು? ನಾನೇ. ಹಬ್ಬ ಮುಗಿದ ಮೇಲೆ ಕಂದು ಕಿತ್ತು, ಹಗ್ಗದ ತುಂಡನ್ನು ಅಲ್ಲೇ ಬಿಟ್ಟವನು ಯಾರು? ಅದನ್ನೂ ನನ್ನ ಬಾಯಿಂದಲೇ ಹೇಳಿಸಬೇಕೇ?

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ನನ್ನನ್ನು ಕೆಳಗೆ ಕರೆದೊಯ್ದು, ಬಸವರಾಜನ ಎದುರು ಅಂಕಿಗಳನ್ನು ಗಟ್ಟಿಯಾಗಿ ಓದಿಸಿದಳು. ಕೊನೆಗೆ ಹಗ್ಗವನ್ನೂ ಎತ್ತಿ ತೋರಿಸಬೇಕಾಯಿತು. ನಾನು ತಪ್ಪಾಯಿತು ಎಂದೆ, ಮನೆ ಬಿಡಬೇಡಿ ಎಂದೆ. ಬಸವರಾಜ ನಗಬಾರದೆಂದು ತುಟಿ ಕಚ್ಚಿಕೊಂಡಿದ್ದ. ಶಾಂತವ್ವ ಒಳಗೆ ಹೋದಳು. ಎರಡೇ ನಿಮಿಷಕ್ಕೆ ಮಷೀನು ಸದ್ದು ಮಾಡಿತು. ಕಾಲಲ್ಲಿ ತುಳಿಯುವ ಸದ್ದಲ್ಲ, ಮೋಟಾರಿನದು. ಅಷ್ಟು ಸಂತೋಷ ಕೊಟ್ಟ ಸೋಲು ನನಗೆ ಇನ್ನೊಂದಿಲ್ಲ.

ಮೇಲೆ ಬಂದ ಮೇಲೆ ಅತ್ತೆಯನ್ನು ರೇಗಿಸಿದೆ. ಅಂತೂ ನಿನ್ನ ಕೈಯೂ ಒಂದು ಸಲ ತಪ್ಪಿತು, ಕುದಿಯುವ ಫ್ರಿಡ್ಜನ್ನು ಪಾಸು ಮಾಡಿಬಿಟ್ಟೆ ಎಂದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯ ಬಟ್ಟೆ ಬಿಚ್ಚಿದಳು. ಹಿಂಬದಿಯಲ್ಲಿ ಅಂಗೈಯಗಲದ ಸುಟ್ಟ ಗಾಯ ಇನ್ನೂ ಮಾಗುತ್ತಿತ್ತು.

“ಕಾವ್ಲಿ ಮೇಲೇ ಇಟ್ಟಿದ್ದೆ ಕಣೋ. ವಾಸ್ನೆ ಬಂದ್ಮೇಲೆ ಗೊತ್ತಾಯ್ತು. ಶುಗರ್‍ನಿಂದ ಅಂತೆ, ಎರಡು ವರ್ಷ ಆಯ್ತು, ಬಿಸಿ ತಣ್ಣಗೆ ಎಲ್ಲಾ ಒಂದೇ. ಅವತ್ತು ಫ್ರಿಡ್ಜ್ ಮುಟ್ಟಿದಾಗ ನಂಗೇನೂ ಗೊತ್ತಾಗ್ಲಿಲ್ಲ. ಗೊತ್ತಾಗಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ನನ್ನ ನಾಚಿಕೆಗೆ ಆ ಹುಡುಗಿ ಮನೆ ಬಿಡೋದಾ?”

ಅಂಗಡಿಯಲ್ಲಿ ನಾಲ್ಕು ಸಲವೂ ಮೊದಲು ಶಾಂತವ್ವನ ಮಾತು ಕೇಳಿ, ಆಮೇಲೆ ತನಗೂ ಹಾಗೇ ಅನ್ನಿಸಿತು ಎಂದು ಅತ್ತೆ ಹೇಳಿದ್ದು ಆಗ ನೆನಪಾಯಿತು. ಶಿಷ್ಯೆಯಲ್ಲ, ಅವಳು ಅತ್ತೆಯ ಕೈಯಾಗಿ ಬಂದಿದ್ದಳು. ಡಾಕ್ಟರ ಹತ್ತಿರ ನಾಳೆಯೇ ಹೋಗೋಣ ಎಂದೆ. ಅತ್ತೆ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಏನು ಮಾಡಬೇಕೋ ತಿಳಿಯದೆ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಗಾಯವಿಲ್ಲದ ಎಡಗೈಯನ್ನು ಎತ್ತಿ, ಅದರ ಹಿಂಬದಿಯನ್ನು ನನ್ನ ಹಣೆಗೆ ಒತ್ತಿಕೊಂಡೆ. ಜ್ವರ ಇದೆಯಾ ನೋಡು ಎಂದೆ. ಅತ್ತೆ ಕಣ್ಣು ಮುಚ್ಚಿದಳು. ಹಣೆಯ ಮೇಲಿಂದ ಕೈ ನಿಧಾನವಾಗಿ ಕುತ್ತಿಗೆಗೆ ಬಂತು, ಅಲ್ಲೇ ಬಹಳ ಹೊತ್ತು ನಿಂತಿತು.

“ಏನಿಲ್ಲ. ಸರಿಯಾಗಿದ್ದೀಯ” ಎಂದಳು.

ಕೈಗೆ ಏನೂ ಗೊತ್ತಾಗಿರಲಿಕ್ಕಿಲ್ಲ. ಆದರೆ ಆ ದಿನ ನಾನು ನಿಜವಾಗಿಯೂ ಸರಿಯಾಗಿದ್ದೆ.