ಚಾಚಾರ ಕರೆಂಟಿನ ಪಿಕಪ್ಪು

ಮನೆಯಂಗಳದಲ್ಲಿ ಹೊಸದೇನಾದರೂ ಮಾಡಲು ಹೋದವರಿಗೆ ಫಜೀತಿ ತಪ್ಪಿದ್ದಲ್ಲ. ನಮಗಂತೂ ಅದು ವಾರಕ್ಕೊಂದು. ನಾನು ಆಗ ಶಹಾಬಾದದ ಕಲ್ಲು ಪಾಲಿಶ್ ಕಾರಖಾನೆಯಲ್ಲಿ ಎಲೆಕ್ಟ್ರಿಶಿಯನ್. ಪಕ್ಕದ ಮನೆಯ ಚಾಚಾ ಕಲ್ಲು ಸಾಗಿಸಿ ಹೊಟ್ಟೆ ಹೊರೆಯುತ್ತಿದ್ದ ಪಿಕಪ್ಪಿನ ಎಂಜಿನ್ ಒಡೆಯಿತು. ಅವರ ಮುಖ ನೋಡಲಾಗದೆ, "ಕರೆಂಟಿನ ಮ್ಯಾಲೆ ಓಡಸೋಣ್ರಿ" ಅಂದೆ. ಒಡೆದ ಎಂಜಿನ್ ಕಳಚಿ ಮನೆಯಲ್ಲಿಟ್ಟು, ಗುಜರಿಯಿಂದ ಒಂದು ಮೋಟಾರು, ಲಾರಿಗಳ ಹಳೆ ಬ್ಯಾಟರಿ ತಂದು ಕೂಡಿಸಿದೆವು.

ಹಿಂದ ಮುಂದ

ಮೊದಲ ದಿನ ಚಾಚಾ ಮುಂದಿನ ಗೇರು ಹಾಕಿದರು. ಗಾಡಿ ಹಿಂದೆ ಹೋಗಿ ನಮ್ಮ ಬಚ್ಚಲ ಗೋಡೆ ಅರ್ಧ ಕೆಡವಿತು. ವೈರು ಉಲ್ಟಾ ಆಗಿತ್ತು. ಬಿಚ್ಚಲು ಹೋದರೆ ಚಾಚಾ ತಡೆದರು.

"ಇರಲಿ ಬಿಡ್ರಿ. ರಿವರ್ಸ್ ಹಾಕಿದ್ರ ಮುಂದ ಹೋಗ್ತದಲ್ಲ?"

ವಾರವಿಡೀ ರಿವರ್ಸಿನಲ್ಲೇ ಬಜಾರಿಗೆ ಹೋಗಿ ಬಂದರು. ಕೊನೆಗೆ ನಾನು ವೈರು ಸರಿಮಾಡಿಕೊಟ್ಟೆ. ಚಾಚಾ ರೂಢಿಯಂತೆ ರಿವರ್ಸ್ ಹಾಕಿ, ಉಳಿದ ಗೋಡೆಯನ್ನೂ ಕೆಡವಿದರು.

ಗಿರಣಿ

ಗಾಡಿಯನ್ನು ನಮ್ಮ ಮನೆಯಲ್ಲಿ ಚಾರ್ಜಿಗೆ ಹಾಕಿದರೆ ಓಣಿಯ ಬಲ್ಬುಗಳೆಲ್ಲ ಕೆಂಪಗಾಗುತ್ತಿದ್ದವು. ಇಷ್ಟು ಕರೆಂಟು ಎಳೆಯುವುದು ಹಿಟ್ಟಿನ ಗಿರಣಿಯೇ ಎಂದು ಓಣಿ ತೀರ್ಮಾನಿಸಿತು. ಬೆಳಿಗ್ಗೆ ಹೆಣ್ಣುಮಕ್ಕಳು ಜೋಳದ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಗಿರಣಿ ಅಲ್ರೀ ಯಮ್ಮಾ, ಇದು ಗಾಡಿ," ಎಂದಳು ನನ್ನ ಹೆಂಡತಿ.

ಮುಂದಿದ್ದ ಮುದುಕಿ ಗಾಡಿಯನ್ನು ಒಂದು ಸುತ್ತು ನೋಡಿದಳು. "ಆಗಲಿ ತಂಗಿ, ಸಣ್ಣಗ ಬೀಸು," ಎಂದು ಡಬ್ಬಿ ಇಟ್ಟು ಹೋದಳು.

ಎಂಜಿನ್ ಎಲ್ಲ್ಯದ?

ಚಿತ್ತಾಪುರದ ರಸ್ತೆಯಲ್ಲಿ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ಸಪ್ಪಳವಿಲ್ಲದ ಗಾಡಿ ಅವರಿಗೆ ಸರಿ ಕಾಣಲಿಲ್ಲ. ಬಾನೆಟ್ ಎತ್ತಿಸಿದರು.

"ಎಂಜಿನ್ ಎಲ್ಲ್ಯದ?"

"ಮನ್ಯಾಗದರಿ," ಎಂದರು ಚಾಚಾ.

ಪೊಲೀಸರು ಬಾನೆಟ್ ಮುಚ್ಚಿದರು. "ಎಂಜಿನ್ ಇಲ್ಲದ ಗಾಡಿ ನಡಸಬಾರದು. ನೂಕ್ರಿ."

ನಾನು ನೂಕಿದೆ. ಪಾಪ, ಅವರೂ ಕೈ ಹಚ್ಚಿದರು. ಒಳಗೆ ಕೂತ ಚಾಚಾ ಸುಮ್ಮನೆ ಪೆಡಲ್ ಒತ್ತಿದರು.

"ನೋಡ್ರಿ," ಎಂದರು ಪೊಲೀಸರು ಓಡುತ್ತ, "ನೂಕಿದ್ರ ಎಷ್ಟು ಛಲೋ ಹೋಗ್ತದ!"

ಕರೆಂಟ್ ಹೋಯ್ತು

ಚಾಚಾರ ಮಗಳ ಮದುವೆ ಬಂತು. ವಾಡಿ ಸ್ಟೇಷನ್ನಿನಲ್ಲಿ ಇಳಿದ ಬೀಗರನ್ನು ತಮ್ಮ ಗಾಡಿಯಲ್ಲೇ ಕರೆತರುವ ಹಟ ಅವರಿಗೆ; ನಾನೂ ಜೊತೆಗೆ ಹೋದೆ. ಸಂಜೆ, ಅರ್ಧ ದಾರಿಯಲ್ಲಿ ಬ್ಯಾಟರಿ ಸೋತು ಗಾಡಿ ನಿಂತಿತು. ಬೀಗರ ಮುಂದೆ ಮರ್ಯಾದೆ ಹೋಯಿತೆಂದು ಚಾಚಾ ಪೆಡಲನ್ನು ಮತ್ತೆ ಮತ್ತೆ ಒತ್ತಿದರು.

"ಏನಾಯ್ತ್ರಿ?" ಹಿಂದಿನಿಂದ ಮದುಮಗನ ಅಜ್ಜ ಕೇಳಿದರು.

"ಕರೆಂಟ್ ಹೋಯ್ತ್ರಿ," ಎಂದರು ಚಾಚಾ.

ಈ ಮಾತಿಗೆ ನಮ್ಮ ಕಡೆ ಯಾರೂ ಸಿಟ್ಟಾಗುವುದಿಲ್ಲ. "ಬರ್ತದ, ಬರ್ತದ," ಎಂದು ಬೀಗರೆಲ್ಲ ಎಲೆಯಡಿಕೆ ಬಿಚ್ಚಿಕೊಂಡು ಗಾಡಿಯಲ್ಲೇ ಕುಂತರು. ಕತ್ತಲಾಗುವ ಹೊತ್ತಿಗೆ ದೂರದ ಊರಿನಲ್ಲಿ ದೀಪ ಹತ್ತಿದವು. ಅಜ್ಜ ಎದ್ದು ನಿಂತು ಕೂಗಿದರು.

"ಬಂತು ಬಂತು! ಚಾಲೂ ಮಾಡ್ರಿ!"

ಚಾಚಾ ದೇವರನ್ನು ನೆನೆದು ಪೆಡಲ್ ಒತ್ತಿದರು. ಅಷ್ಟು ಹೊತ್ತಿನ ವಿಶ್ರಾಂತಿಗೆ ಬ್ಯಾಟರಿಗಳು ತುಸು ಚೇತರಿಸಿಕೊಂಡಿದ್ದವು; ಗಾಡಿ ತೆವಳುತ್ತ ತೆವಳುತ್ತ ಮದುವೆಮನೆ ಮುಟ್ಟಿತು. ಚಾಚಾ ಕಣ್ಣೊರೆಸಿಕೊಂಡರು.

ಅಜ್ಜ ಇಳಿದು ಗಾಡಿಯ ಹಿಂದೆ ಹೋಗಿ, ಬಗ್ಗಿ ರಸ್ತೆಯನ್ನು ದೂರದ ತನಕ ನೋಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದರು:

"ಎಲ್ಲಾ ಬರೋಬ್ಬರಿ ಅದರಿ. ಆದ್ರ ವಾಡಿ ತನಕ ಇಷ್ಟುದ್ದ ವೈರು ಎಲ್ಲಿ ಸಿಕ್ತು?"