ಪಾಂಡೆಲಿಸನ ಎತ್ತಿದ ಕೈ

ಊರವರ ಕೋಟಿನ ಸುಕ್ಕು ಬಿಡಿಸುತ್ತ ತಲೆಗೂದಲು ಉದುರಿಸಿಕೊಂಡ ಪಾಂಡೆಲಿಸನಿಗೆ, ಮನೆಯಲ್ಲಿ ತನ್ನ ಮಾತು ನಡೆದ ಒಂದೇ ಒಂದು ಸಂದರ್ಭವೂ ನೆನಪಿರಲಿಲ್ಲ. ನ್ಯೂಯಾರ್ಕಿನಲ್ಲಿ, ವಿಶ್ವಸಂಸ್ಥೆಯ ಗಾಜಿನ ಕಟ್ಟಡದಿಂದ ಕೂಗಳತೆ ದೂರದಲ್ಲಿ ಅವನ ಇಸ್ತ್ರಿ ಅಂಗಡಿ. ಜಗತ್ತನ್ನು ಆಳುವವರ ಪ್ಯಾಂಟುಗಳೆಲ್ಲ ಒಂದಲ್ಲ ಒಂದು ದಿನ ಅವನ ಮೇಜಿನ ಮೇಲೆ ಅಂಗಾತ ಮಲಗಿದ್ದವು. ಆದರೆ ನದಿ ದಾಟಿ ಆಸ್ಟೋರಿಯಾದ ಮನೆ ಸೇರಿದರೆ ಅವನೇ ಬಟ್ಟೆ, ಹೆಂಡತಿ ಫೋತಿನಿ ಇಸ್ತ್ರಿಪೆಟ್ಟಿಗೆ. (ಕಾವು ಒದಗಿಸುವ ಕೆಲಸ ಅತ್ತೆ ದೆಸ್ಪಿನಾ ಅವರದು.)

ಒಂದು ಬೆಳಿಗ್ಗೆ ದೊಡ್ಡ ದೇಶವೊಂದರ ರಾಯಭಾರಿಯ ಸಹಾಯಕ ಕೋಟು ಹಿಡಿದುಕೊಂಡು ಓಡಿ ಬಂದ.

"ಬಲಗೈ ತೋಳಿಗೆ ಚೆನ್ನಾಗಿ ಇಸ್ತ್ರಿ ಹಾಕು ಮಾರಾಯ. ಸಾಹೇಬರು ಮಧ್ಯಾಹ್ನ ಭದ್ರತಾ ಮಂಡಳಿಯಲ್ಲಿ ಕೈ ಎತ್ತಬೇಕು."

"ಎಲ್ಲರೂ ಎತ್ತಲ್ವಾ ಅಲ್ಲಿ?"

"ಎತ್ತುತ್ತಾರೆ. ಉಳಿದವರೆಲ್ಲ ಹೂಂ ಅಂತ ಎತ್ತಲಿ, ನಮ್ಮ ಸಾಹೇಬರೊಬ್ಬರು ಊಹೂಂ ಅಂತ ಎತ್ತಿದರೆ ಠರಾವು ಅಲ್ಲೇ ಮಣ್ಣು. ವೀಟೊ ಅಂದರೆ ಅದು."

ಪಾಂಡೆಲಿಸ್ ಆ ತೋಳಿಗೆ ದೇವರ ಪಟಕ್ಕೆ ಕೈಮುಗಿಯುವಷ್ಟು ಭಕ್ತಿಯಿಂದ ಇಸ್ತ್ರಿ ಹಾಕಿದ. ಅಷ್ಟರಲ್ಲಿ ಅವನ ತಲೆಯಲ್ಲೂ ಒಂದು ಹಬೆ ಎದ್ದಿತ್ತು.

ಅಂದು ಸಂಜೆ ಹುರುಳಿಕಾಯಿ ಸೂಪಿನ ಮುಂದೆ ಕೂತವನೇ ಗಂಟಲು ಸರಿಮಾಡಿಕೊಂಡು, ಇನ್ನು ಮುಂದೆ ಮನೆಯ ಎಲ್ಲ ವಿಷಯಗಳೂ ಕೈಯೆತ್ತಿ ತೀರ್ಮಾನವಾಗತಕ್ಕದ್ದು, ಯಜಮಾನನಾದ ತನಗೆ ಪರಮ ನಿರಾಕರಣಾಧಿಕಾರ ಇರತಕ್ಕದ್ದು ಎಂದು ಘೋಷಿಸಿದ.

"ಆಗಲಿ" ಎಂದಳು ಫೋತಿನಿ.

ಹೇಳಿದ ದರಕ್ಕೆ ಚೌಕಾಸಿಯಿಲ್ಲದೆ ಒಪ್ಪುವ ಗಿರಾಕಿಯ ಮೇಲೆ ಒಂದು ಕಣ್ಣಿಟ್ಟಿರಬೇಕು. ಪಾಂಡೆಲಿಸ್ ಅಂಗಡಿಯಲ್ಲಿ ಇದನ್ನು ಮರೆತವನಲ್ಲ, ಮನೆಯಲ್ಲಿ ಮರೆತ.

ಮೊದಲ ವಾರ ಸ್ವರ್ಗ. ಹಸಿರು ಪರದೆಗೆ ವೀಟೊ. ಮಗಳು ಥಾಲಿಯಾ ತರಬೇಕೆಂದಿದ್ದ ಬೆಕ್ಕಿಗೆ ವೀಟೊ. ನಾದಿನಿಯ ಮನೆಯ ನಾಮಕರಣದ ಊಟಕ್ಕೂ ವೀಟೊ ಹಾಕಿದ. (ಆಮೇಲೆ ಅಲ್ಲಿ ಇಡೀ ಕುರಿ ಸುಟ್ಟಿದ್ದರೆಂದು ತಿಳಿದು ಒಬ್ಬನೇ ಮರುಗಿದ.)

ಆಮೇಲೆ ಅತ್ತೆಯ ಮಂಡಿಯ ಪ್ರಶ್ನೆ ಸಭೆಯ ಮುಂದೆ ಬಂತು. ಮೆಟ್ಟಿಲು ಹತ್ತಲೇಕೂಡದು ಎಂದಿದ್ದರು ಡಾಕ್ಟರು. ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ. ಕೆಳಗೆ ಅಡುಗೆಮನೆಯ ಪಕ್ಕ ಇದ್ದದ್ದು ಒಂದೇ ಕೋಣೆ, ಪಾಂಡೆಲಿಸನದು. ಅಲ್ಲಿ ಅವನ ಆರಾಮ ಕುರ್ಚಿ, ಅವನ ರೇಡಿಯೋ, ಅವನ ಪಗಡೆ ಹಲಗೆ. ಭೂಮಿಯ ಮೇಲೆ ಅವನ ಸಾರ್ವಭೌಮತ್ವ ಇದ್ದದ್ದು ಅಷ್ಟೇ ಜಾಗದಲ್ಲಿ.

"ಆ ಕೋಣೆ ಅಮ್ಮನಿಗೆ" ಎಂದಳು ಫೋತಿನಿ. ಹೆಂಗಸರ ಕೈ ಮೇಲೆದ್ದವು.

"ವೀಟೊ" ಎಂದ ಪಾಂಡೆಲಿಸ್.

"ಹಾಗಾದರೆ ಇನ್ನೊಂದು ಠರಾವು. ಅಮ್ಮ ಫ್ಲಾರಿಡಾಕ್ಕೆ, ನನ್ನ ತಮ್ಮ ಮನೋಲಿಸನ ಮನೆಗೆ. ಅಲ್ಲಿ ಮೆಟ್ಟಿಲೇ ಇಲ್ಲ."

ಫೋತಿನಿ ಕೈ ಎತ್ತಿದಳು. ಥಾಲಿಯಾ ಮುಖ ಆಚೆ ತಿರುಗಿಸಿಕೊಂಡು ಎತ್ತಿದಳು. ದೆಸ್ಪಿನಾ ಹುರುಳಿಕಾಯಿಯ ನಾರು ತೆಗೆಯುತ್ತಿದ್ದವರು ತಲೆ ಎತ್ತದೆ, ಚಾಕು ಹಿಡಿದ ಕೈಯನ್ನೇ ಸ್ವಲ್ಪ ಮೇಲೆ ಮಾಡಿದರು. "ನನ್ನಿಂದ ಯಾರಿಗೂ ತೊಂದರೆ ಬೇಡ" ಎಂದರು.

ಈ ದಿನಕ್ಕಾಗಿ ಪಾಂಡೆಲಿಸ್ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿದ್ದುಂಟು. ಅವನು ಬಾಯಿ ತೆರೆದರೆ ಅದರಲ್ಲಿ ತಪ್ಪು ಹುಡುಕುವ ಅತ್ತೆ, ಮುಚ್ಚಿದರೆ ಕಾರಣ ಕೇಳುವ ಅತ್ತೆ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ಬಲಗೈ ತಾನಾಗಿ ಮೇಲೆದ್ದಿತು.

"ಬೇಡ."

"ಏನು ಬೇಡ?"

"ಫ್ಲಾರಿಡಾ. ವೀಟೊ."

ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದುವ ಥಾಲಿಯಾ ತಿರುಗಿ ಕೂತಳು. "ಅಪ್ಪಾ, ಈಗ ವಿಶ್ವಸಂಸ್ಥೇಲಿ ಹೊಸ ಪದ್ಧತಿ ಇದೆ. ವೀಟೊ ಹಾಕಿದರೆ ಮಹಾಸಭೆ ಸೇರಿಸಿ, ಹಾಕಿದವರನ್ನ ಕಾರಣ ಹೇಳೋಕೆ ಕರೀತಾರೆ."

"ಮಹಾಸಭೆ ಕೂತಿದೆ" ಎಂದಳು ಫೋತಿನಿ. "ಹೇಳು."

"ಅಲ್ಲಿ ಬಿಸಿಲು ಜಾಸ್ತಿ."

"ನಾನು ಹುಟ್ಟಿದ್ದು ಕ್ರೀಟಿನಲ್ಲಿ" ಎಂದರು ದೆಸ್ಪಿನಾ. "ನಿನಗಿಂತ ಮೊದಲೇ ಬಿಸಿಲು ನೋಡಿದೀನಿ."

"ಮನೋಲಿಸನ ಹೆಂಡತಿ ಡಬ್ಬಿ ಸೂಪು ಬಿಸಿಮಾಡಿ ಕೊಡ್ತಾಳೆ."

"ಅದು ಅವರವರ ಹಣೆಬರಹ. ನಿನ್ನ ಕಾರಣ ಹೇಳು."

ಪಾಂಡೆಲಿಸ್ ಸೂಪಿನ ಬಟ್ಟಲಿನೊಳಗೆ ಮುಖವಿಟ್ಟು ಹೇಳಿದ: "ನಾನು ಅಂಗಡಿಯಿಂದ ಬಂದಾಗ, ಯಾಕಯ್ಯಾ ತಡ ಅಂತ ಕೇಳೋರು ಇವರೊಬ್ಬರೇ. ನೀವಿಬ್ಬರೂ ಫೋನಿನಿಂದ ತಲೆ ಎತ್ತಲ್ಲ."

ದೆಸ್ಪಿನಾ ನಾರು ತೆಗೆದ ಕಾಯಿಯ ನಾರನ್ನೇ ಇನ್ನೊಮ್ಮೆ ತೆಗೆದರು. "ಉಪ್ಪು ಜಾಸ್ತಿಯಾಗಿದೆ ಇವತ್ತು" ಎಂದರು, ಸೂಪನ್ನು ಇನ್ನೂ ಮುಟ್ಟದಿದ್ದವರು.

ಮೊದಲು ಚೇತರಿಸಿಕೊಂಡವಳು ಫೋತಿನಿ. "ಕೋಣೆ ಕೊಡಲ್ಲ. ಕಳಿಸೋದೂ ಇಲ್ಲ. ಸರಿ, ಹಾಗಾದರೆ ಅಮ್ಮ ಮಹಡಿಗೆ ಹೋಗೋದು ಹೇಗೆ?"

ಎಲ್ಲರೂ ಮೆಟ್ಟಿಲು ನೋಡಿದರು. ಆಮೇಲೆ ಪಾಂಡೆಲಿಸನ ಬೆನ್ನು ನೋಡಿದರು.

ಹೀಗೆ ಅತ್ತೆಯ ದಿನನಿತ್ಯದ ಆರೋಹಣ ಅವರೋಹಣಗಳು ಅಳಿಯನ ಬೆನ್ನಿನ ಮೇಲೆ ಪ್ರಾರಂಭವಾದವು. "ನಿಧಾನ, ನಾನೇನು ಬಟ್ಟೆ ಗಂಟಲ್ಲ." "ಎಡಗಾಲು ಮೊದಲು ಇಡಬಾರದು." "ಮುಂಚೆ ನಿನ್ನ ಕಿವಿ ಇಷ್ಟು ದೊಡ್ಡದಿರಲಿಲ್ಲ." ಬೆದರಿಕೆ, ಬುದ್ಧಿಮಾತು ಮುಗಿದ ಮೇಲೆ ಊರಿನ ಕಥೆಗಳು ಸುರುವಾಗುತ್ತಿದ್ದವು. ನಡುವೆ ಇಳಿಸಿ ಓಡುವಂತಿಲ್ಲ, ಕೂತವರು ಅತ್ತೆ.

ತಿಂಗಳು ಕಳೆಯುವಷ್ಟರಲ್ಲಿ ಪಾಂಡೆಲಿಸನ ಸೊಂಟ ಮಾತುಕತೆಗೆ ಸಿದ್ಧವಾಗಿತ್ತು. ಒಂದು ಭಾನುವಾರ ಅವನೇ ಆರಾಮ ಕುರ್ಚಿ ಎಳೆದು ಹೊರಗಿಟ್ಟ, ಮಂಚ ಒಳಗಿಟ್ಟ, ಗೋಡೆಗೆ ಅತ್ತೆಯ ದೇವರ ಪಟ ತೂಗುಹಾಕಿದ. ಊಟದ ಹೊತ್ತಿಗೆ ಎದ್ದು ನಿಂತ.

"ಕೆಳಗಿನ ಕೋಣೆ ಅತ್ತೆಯವರಿಗೆ. ಠರಾವು ನನ್ನದೇ."

ಮೂರು ಕೈ ಹೂಂ ಎಂದವು. ದೆಸ್ಪಿನಾ ತಮ್ಮ ಕೈ ನಿಧಾನವಾಗಿ ಎತ್ತಿ, "ಊಹೂಂ" ಎಂದರು.

"ಅತ್ತೆ, ವೀಟೊ ನಿಮಗಿಲ್ಲ."

"ಅದನ್ನ ವಿಶ್ವಸಂಸ್ಥೇಲಿ ಯಾರಿಗೆ ಕೊಟ್ಟಿದ್ದು ಥಾಲಿಯಾ?"

"ಯುದ್ಧ ಗೆದ್ದೋರಿಗೆ ಅಜ್ಜಿ."

ದೆಸ್ಪಿನಾ ಅಳಿಯನ ಮುಖ ನೋಡಿದರು. ನಿನ್ನ ಮದುವೆಯಾದಂದಿನಿಂದ ಇಲ್ಲಿಯವರೆಗೆ ಈ ಮನೆಯಲ್ಲಿ ಯಾರು ಗೆದ್ದಿದ್ದಾರೆ ಎಂದು ಅವರು ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ.

ಪಾಂಡೆಲಿಸ್ ಕುಸಿದು ಕೂತ. "ಕಾರಣವನ್ನಾದರೂ ಹೇಳಿ."

"ಇಷ್ಟು ವರ್ಷ ನಾನು ಬಾಯಿ ತೆಗೆದರೆ ನೀನು ಎದ್ದು ಹೋಗಿ ಆ ಕೋಣೆ ಬಾಗಿಲು ಹಾಕ್ಕೊಳ್ತಿದ್ದೆ. ಈಗ ಮೆಟ್ಟಿಲು ಮುಗಿಯೋ ತನಕ ಕೇಳ್ತೀಯ." ದೆಸ್ಪಿನಾ ಕರವಸ್ತ್ರ ಮಡಚಿದರು. "ನನ್ನ ಮಾತು ಪೂರ್ತಿ ಕೇಳಿದೋರು ನಿನ್ನ ಮಾವ ಬಿಟ್ಟರೆ ಇನ್ನಿಲ್ಲ."

ಊಟವಾದ ಮೇಲೆ ಪಾಂಡೆಲಿಸ್ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಮೊದಲ ಮೆಟ್ಟಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ದೆಸ್ಪಿನಾ ಏರಿ, ಅವನ ಕೊರಳಿಗೆ ಕೈ ಬಳಸಿಕೊಂಡರು.

"ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆನೋ, ಮರೆತೇಹೋಯ್ತು."

"ಕತ್ತೆ ಬಾವಿಗೆ ಬಿದ್ದಲ್ಲಿಗೆ, ಅತ್ತೆ" ಎಂದ ಪಾಂಡೆಲಿಸ್. "ಆಮೇಲೆ ಅದನ್ನ ಮೇಲೆತ್ತಿದರೋ ಇಲ್ವೋ?"